ಅರವತ್ನಾಲ್ಕು ಕುರ್ಚಿಗಳು

ಖಾತುನ್ ಬೀ ಅವರಿಗೆ ಸರ್ಕಾರಿ ಕಾಗದವೆಂದರೆ ಬಹಳ ಜೋಪಾನ. ಗುರುವಾರ ಪೋಸ್ಟ್‌ಮನ್ ಕೊಟ್ಟುಹೋದ ಲಕೋಟೆಯನ್ನು ಸೂಜಿದಾರದ ಡಬ್ಬಿಯ ತಳದಲ್ಲಿಟ್ಟು, ಮೇಲೆ ಹಳೇ ಸೀರೆಯ ಚೂರುಗಳನ್ನು ಒತ್ತಿ, ಮುಚ್ಚಳ ಬಿಗಿದು, ಆಮೇಲೆ ಅದನ್ನು ಮರೆತೇಬಿಟ್ಟರು. ಅದು ಹೊಸದುರ್ಗದ ನಮ್ಮ ಸಮುದಾಯ ಕಲಾ ಕೇಂದ್ರಕ್ಕೆ ಬಂದಿದ್ದ ಪತ್ರ. ಕೇಂದ್ರದ ವರಾಂಡದಲ್ಲಿ ಹೆಂಗಸರಿಗೆ ಕೌದಿ ಹೊಲಿಯುವುದನ್ನು ಕಲಿಸುವ ಖಾತುನ್ ಬೀ, ಕೆಂಪು ದಾರ ಹುಡುಕುವಾಗ ಅದು ಸಿಕ್ಕಿತೆಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ತಂದು ಚಿತ್ರಲಿಂಗಪ್ಪನ ಕೈಗಿಟ್ಟರು.

"ತಗಳಪ್ಪ, ನಿಂದೊಂದು ಕಾಗ್ದ ಐತೆ. ಒಂಚೂರು ಮುದುರಿಲ್ಲ ನೋಡು. ಸರ್ಕಾರದ್ದು ಅಂತ ತಳಕ್ಕೇ ಇಟ್ಟಿದ್ದೆ."

ಚಿತ್ರಲಿಂಗಪ್ಪ ಹೈಸ್ಕೂಲಿನಲ್ಲಿ ಗುಮಾಸ್ತ. ಕಲಾ ಕೇಂದ್ರದ ಕೀಲಿ ಹನ್ನೊಂದು ವರ್ಷದಿಂದ ಅವನ ಸೊಂಟದಲ್ಲೇ ಇದೆ, ಸಂಬಳ ಗಿಂಬಳ ಏನೂ ಇಲ್ಲದೆ. ಆ ದಿನ ಸಂಜೆ ಕೇಂದ್ರದ ವಾರ್ಷಿಕೋತ್ಸವವಿದ್ದುದರಿಂದ ಬೆಳಗಿನಿಂದಲೇ ಕಸ ಗುಡಿಸುತ್ತಿದ್ದ. ನಿಂತಲ್ಲೇ ಪತ್ರ ಬಿಡಿಸಿ ಓದಿದ. ಮೊದಲ ಸಾಲಿಗೆ ಹುಬ್ಬು ಮೇಲೇರಿತು, ಎರಡನೆಯದಕ್ಕೆ ಬಾಯಿ ತೆರೆಯಿತು, ಮೂರನೆಯದಕ್ಕೆ ಪೊರಕೆ ಕೈಜಾರಿ ಬಿತ್ತು.

'ತಮ್ಮ ಕೇಂದ್ರದ ಕಳೆದ ಮೂರು ವರ್ಷಗಳ ಕಾರ್ಯಕ್ರಮಗಳ ಛಾಯಾಚಿತ್ರಗಳನ್ನು ಪರಿಶೀಲಿಸಲಾಗಿ, ಯಾವ ಚಿತ್ರದಲ್ಲಿಯೂ ಪ್ರೇಕ್ಷಕರು ಕಂಡುಬಂದಿರುವುದಿಲ್ಲ. ಸದರಿ ವಿಷಯವಾಗಿ ಭಾನುವಾರ ಸಂಜೆ ನಾಲ್ಕು ಗಂಟೆಗೆ ಪರಿಶೀಲನಾಧಿಕಾರಿಗಳು ಖುದ್ದು ಹಾಜರಾಗುವರು. ಕನಿಷ್ಠ ಅರವತ್ತು ಪ್ರೇಕ್ಷಕರು ಇಲ್ಲದಿದ್ದಲ್ಲಿ ಕೀಲಿಯನ್ನು ಸ್ಥಳದಲ್ಲಿಯೇ ವಶಕ್ಕೆ ಪಡೆದು, ಕಟ್ಟಡವನ್ನು ರಸಗೊಬ್ಬರ ದಾಸ್ತಾನಿಗೆ ಬಿಟ್ಟುಕೊಡಲಾಗುವುದು.'

"ಏನಪ್ಪ ಹಂಗ್ ನಿಂತೆ? ಯಾರಾದ್ರು ಹೋದ್ರಾ?" ಎಂದು ಖಾತುನ್ ಬೀ ಗಾಬರಿಯಾದರು.

"ಹೋಗಾದು ನಮ್ ಕೇಂದ್ರ ಕಣಮ್ಮ. ಇವತ್ತು ಸಂಜೆ ನಾಲ್ಕು ಗಂಟಿಗೆ," ಎಂದ ಚಿತ್ರಲಿಂಗಪ್ಪ.

ಫೋಟೊದಲ್ಲಿ ಪ್ರೇಕ್ಷಕರು ಇರಲಿಲ್ಲವೆಂದರೆ ಕೇಂದ್ರಕ್ಕೆ ಯಾರೂ ಬರುತ್ತಿರಲಿಲ್ಲವೆಂದು ಅರ್ಥವಲ್ಲ. ನಮ್ಮೂರ ಫೋಟೊಗ್ರಾಫರಿಗೆ ವೇದಿಕೆಗೆ ಬೆನ್ನು ಮಾಡಿ ನಿಲ್ಲುವ ಅಭ್ಯಾಸವಿಲ್ಲ, ಅಷ್ಟೆ. ಮೇಲೆ ಕುಳಿತವರು ಮರುದಿನ ಫೋಟೊ ಕೇಳುತ್ತಾರೆ, ಕೆಳಗೆ ಕುಳಿತವರು ಕೇಳುವುದಿಲ್ಲ. ಹಾಗೆಂದು ಕೆಳಗೆ ಬಹಳ ಜನ ಕೂರುತ್ತಿದ್ದರು ಅಂತಲೂ ಅಲ್ಲ. ಹತ್ತೋ ಹನ್ನೆರಡೋ ಮಂದಿ. ಅದರಲ್ಲಿ ಇಬ್ಬರು ಮತ್ತೋಡಿನ ಬಸ್ಸು ಬರುವ ತನಕ ಫ್ಯಾನಿನ ಗಾಳಿಗೆ ಕೂತವರು.

ಆದರೆ ಆ ಕಟ್ಟಡ ಇಲ್ಲದಿದ್ದರೆ ನಮ್ಮ ಕಡೆಯ ನಾಲ್ಕು ಬೀದಿಗೆ ಹೊತ್ತೇ ಹೋಗುವುದಿಲ್ಲ. ಬೆಳಿಗ್ಗೆ ಕೌದಿ, ಮಧ್ಯಾಹ್ನ ಪುಟ್ಟಕ್ಕನ ಭಜನಾ ಮಂಡಳಿ, ಸಂಜೆ ಮಕ್ಕಳ ಚಿತ್ರಕಲೆ, ಆಮೇಲೆ ಗುಡ್ಡಪ್ಪ ಮೇಷ್ಟ್ರ ಹಾರ್ಮೋನಿಯಂ. ಮನೆಯಲ್ಲಿ ಜಗಳವಾಡಿದವರು ಬಂದು ಕೂರುವುದೂ ಅಲ್ಲೇ, ರಾಜಿಯಾಗುವುದೂ ಅಲ್ಲೇ. ಎರಡು ಹೆಣ್ಣು ನೋಡುವ ಶಾಸ್ತ್ರಗಳು ಆ ವರಾಂಡದಲ್ಲಿ ಕೌದಿ ನೋಡುವ ನೆಪದಲ್ಲಿ ನಡೆದು ಎರಡೂ ಕುದುರಿದ್ದವು.

ಚಿತ್ರಲಿಂಗಪ್ಪನಿಗೆ ಇನ್ನೊಂದು ಸಂಕಟವಿತ್ತು. ಹನ್ನೊಂದು ವರ್ಷದಲ್ಲಿ ಅವನು ಆ ವೇದಿಕೆಯನ್ನು ಗುಡಿಸಿದ್ದ, ಒರೆಸಿದ್ದ, ತೋರಣ ಕಟ್ಟಿದ್ದ. ಮೈಕಿನಲ್ಲಿ ಅವನು ಆಡಿದ್ದ ಮಾತೆಂದರೆ "ಹಲೋ, ಹಲೋ, ಒಂದು ಎರಡು ಮೂರು" ಮಾತ್ರ. ಅವನಪ್ಪ ಮತ್ತೋಡಿನಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದ ಒಂದು ತತ್ವಪದ ಅವನಿಗೆ ಬರುತ್ತಿತ್ತು. ಅದನ್ನೊಮ್ಮೆ ನಾಲ್ಕು ಜನರ ಎದುರಿಗೆ ಹಾಡಬೇಕೆಂಬುದು ಎಂದಿನಿಂದಲೂ ಇದ್ದ ಆಸೆ. ಕೇಳಲು ನಾಚಿಕೆ. ಈ ಸಲ ಧೈರ್ಯ ಮಾಡಿ ಆಮಂತ್ರಣದ ಕಟ್ಟಕಡೆಯಲ್ಲಿ, ಏಳನೇ ಹೆಸರಾಗಿ, 'ಪ್ರಾರ್ಥನೆ: ಶ್ರೀ ಚಿತ್ರಲಿಂಗಪ್ಪ' ಎಂದು ಸೇರಿಸಿಕೊಂಡಿದ್ದ. ಹದಿನೈದು ದಿನದಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ನಡೆದಿತ್ತು. ಹೆಂಡತಿ ಮಲ್ಲಕ್ಕ ದಿನಾ ಮೆಣಸಿನ ಕಷಾಯ ಕಾಸಿ ಕುಡಿಸಿದ್ದಳು. ಈಗ ನೋಡಿದರೆ ಹಾಡುವ ದಿನವೇ ಕೀಲಿ ಹೋಗುವ ದಿನವಾಗಿತ್ತು.

ಎಂಟು ಗಂಟೆಗೆ ಗುಡ್ಡಪ್ಪ ಮೇಷ್ಟ್ರು ಬಂದರು. ಊರಿನ ಯಾವ ಕಷ್ಟಕ್ಕೂ ಅವರ ಬಳಿ ಒಂದು ಉಪಾಯವಿರುತ್ತದೆ. ಆ ಉಪಾಯದಿಂದ ಹುಟ್ಟುವ ಕಷ್ಟಕ್ಕೆ ಮಾತ್ರ ಇರುವುದಿಲ್ಲ. ಪತ್ರ ಓದಿ ಮೂಗಿನ ತುದಿಯ ಕನ್ನಡಕ ಮೇಲೇರಿಸಿದರು.

"ಅರವತ್ತು ಜನ ತಾನೆ? ಅದಕ್ಯಾಕೆ ಹಿಂಗ್ ಬೆವೀತಿ?"

"ಮೇಷ್ಟ್ರೇ, ಇವತ್ತು ಲಗ್ನದ ದಿನ. ಊರಾಗಿರೋ ಕಲ್ಯಾಣ ಮಂಟಪ ಎಲ್ಲಾ ತುಂಬ್ಯವೆ. ಅರ್ಧ ಊರು ಊಟಕ್ಕೆ ಹೋಗೈತೆ. ಅರವತ್ತು ಎಲ್ಲಿಂದ ತರ್ಲಿ?"

"ಕರದ್ರೆ ಯಾರೂ ಬರಲ್ಲ ಕಣಪ್ಪ. ಹೆಸ್ರು ಹಾಕಿದ್ರೆ ಬರ್ತಾರೆ. ನಮ್ಮೂರಾಗೆ ಆಮಂತ್ರಣದಾಗೆ ಹೆಸ್ರು ಐತೆ ಅಂದ್ರೆ, ಜ್ವರ ಇದ್ರೂ ಬರ್ತಾರೆ. ಒಬ್ರೇ ಬರ್ತಾರಾ? ನೋಡ್ರಿ ನಮ್ಮೋನು ಮೇಲೆ ಕುಂತವ್ನೆ ಅಂತ ತೋರ್ಸಕ್ಕೆ ಐದು ಜನನ್ನ ಕಟ್ಕಂಡ್ ಬರ್ತಾರೆ. ಒಂದು ಹೆಸ್ರಿಗೆ ಐದು ತಲೆ. ಹನ್ನೆರಡು ಹೆಸ್ರು ಜಾಸ್ತಿ ಹಾಕು. ಎಷ್ಟಾತು?"

"ಅರವತ್ತು!" ಎಂದ ಚಿತ್ರಲಿಂಗಪ್ಪ. ಮೇಷ್ಟ್ರ ಕಾಲಿಗೆ ಬೀಳುವುದೊಂದು ಬಾಕಿ.

ಬಸ್ ಸ್ಟ್ಯಾಂಡ್ ಬಳಿಯ ಶಾಹಿದ್‌ನ ಅಂಗಡಿಯಲ್ಲಿ ಆಮಂತ್ರಣ ಟೈಪ್ ಮಾಡುವುದು, ಫ್ಲೆಕ್ಸ್ ಹೊಡೆಯುವುದು ಎಲ್ಲ ಆಗುತ್ತದೆ. ಶಾಹಿದ್ ಹಳೆಯ ಆಮಂತ್ರಣವನ್ನು ಕಂಪ್ಯೂಟರಿನಲ್ಲಿ ತೆಗೆದ. ಹೆಸರೇನೋ ಸರಿ, ಹನ್ನೆರಡು ಜನಕ್ಕೆ ಏನು ಕೆಲಸ ಕೊಡುವುದು? ಒಬ್ಬರು ಉದ್ಘಾಟಕರು ಆಗಲೇ ಇದ್ದರು. ಇನ್ನೊಬ್ಬರನ್ನು ಸಹ ಉದ್ಘಾಟಕರು ಮಾಡಿದರು. ಆಮೇಲೆ ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ, ಘನ ಉಪಸ್ಥಿತಿ, ಖುದ್ದು ಉಪಸ್ಥಿತಿ. ಒಂಬತ್ತೂವರೆಗೆ ಹತ್ತೊಂಬತ್ತು ಹೆಸರಿನ ಆಮಂತ್ರಣ ಎಲ್ಲರ ವಾಟ್ಸಾಪಿಗೂ ಹೋಯಿತು. ಚಿತ್ರಲಿಂಗಪ್ಪ ಪಕ್ಕದ ಹೋಟೆಲಿನಲ್ಲಿ ಒಂದು ಖಾಲಿ ದೋಸೆ ತಿಂದ. ಆ ದಿನ ಅವನು ನೆಮ್ಮದಿಯಾಗಿ ಮಾಡಿದ ಕೆಲಸ ಅದೊಂದೇ.

ದೋಸೆ ಮುಗಿಯುವಷ್ಟರಲ್ಲಿ ಭಜನಾ ಮಂಡಳಿಯ ಪುಟ್ಟಕ್ಕ ಅಂಗಡಿ ಮುಂದೆ ನಿಂತಿದ್ದಳು. ಅವಳ ಹಿಂದೆ ಇಡೀ ಮಂಡಳಿ.

"ಏನ್ರೀ ಚಿತ್ರಲಿಂಗಪ್ಪ, ನನ್ನೊಬ್ಬಳ ಹೆಸ್ರು ಹಾಕಿದ್ದೀರಲ್ಲ, ನಮ್ಮ ಮಂಡಳಿ ಒಡೀಬೇಕು ಅಂತಾನಾ?"

"ಅಯ್ಯೋ, ಇಲ್ಕಣಕ್ಕ! ನೀವು ಮೇಲೆ ಕುಂತ್ಕಂಡ್ರೆ ಇವ್ರೆಲ್ಲ ಮುಂದೆ ಕುಂತು ನೋಡ್ಲಿ ಅಂತ..."

"ಮುಂದೆ ಕುಂತು ನೋಡಾಕೆ ನಾನೇನು ಮದುಮಗಳಾ? ಹದಿನಾಕು ಜನ ಒಟ್ಟಿಗೆ ಹಾಡ್ತೀವಿ, ಒಟ್ಟಿಗೆ ಕುಂತ್ಕಂತೀವಿ. ಹಾಕಿದ್ರೆ ಹದಿನಾಕೂ ಹಾಕು. ಇಲ್ಲಾಂದ್ರೆ ನಂದೂ ತೆಗಿ. ನಾವು ಲಗ್ನದ ಊಟಕ್ಕೆ ಹೋಗ್ತೀವಿ."

ಹದಿಮೂರು ಹೆಸರು ಸೇರಿ ಮೂವತ್ತೆರಡಾಯಿತು. ಶಾಹಿದ್ ಅಕ್ಷರವನ್ನು ಒಂದು ಸುತ್ತು ಸಣ್ಣದು ಮಾಡಿದ. ದೀಪಕ್ಕೆ ಎಣ್ಣೆ ಹಾಕುವವರು, ಬತ್ತಿ ಹೊಸೆಯುವವರು, ಆರತಿ ತಟ್ಟೆ ಹಿಡಿಯುವವರು ಎಂದು ಮಂಡಳಿಗೆಲ್ಲ ಕೆಲಸ ಹಂಚಿದ್ದಾಯಿತು.

ಹನ್ನೊಂದಕ್ಕೆ ವಾರ್ಡ್ ಮೆಂಬರ್ ರಂಗೇಶನ ಫೋನು. ಅವನು ಮೊದಲಿನ ಆಮಂತ್ರಣದಲ್ಲೇ ಅಧ್ಯಕ್ಷತೆಯಲ್ಲಿದ್ದವನು.

"ಚಿತ್ರಲಿಂಗಪ್ಪಣ್ಣ, ಬತ್ತಿ ಹೊಸೆಯೋರಿಗೆಲ್ಲ ಹೆಸ್ರು ಹಾಕಿದ್ದೀಯ. ನಮ್ಮ ಹುಡುಗ್ರು ಹನ್ನೊಂದು ಜನ ನಾನು ಎಲ್ಲಿ ಹೋದ್ರೂ ಹಿಂದೆ ಬರ್ತಾರೆ. ಅವ್ರನ್ನ ಕೆಳಗ್ ಕುಂಡ್ರಿಸಿ ನಾನೊಬ್ನೇ ಮೇಲೆ ಕುಂತ್ರೆ ನಾಳೆ ನನ್ ಮುಖ ನೋಡ್ತಾರೇನು?"

"ರಂಗೇಶಣ್ಣ, ಕೆಳಗ್ ಕುಂಡ್ರಾಕೆ ಯಾರಾದ್ರೂ ಬೇಕಲ್ಲಪ್ಪ!"

"ಅದಕ್ಕೇ ಬೇರೆ ಜನ ಬರ್ತಾರಲ್ಲ," ಎಂದು ರಂಗೇಶ್ ಫೋನಿಟ್ಟ.

ಬೇರೆ ಜನ ಬರ್ತಾರಲ್ಲ. ಆ ದಿನ ಚಿತ್ರಲಿಂಗಪ್ಪನಿಗೆ ಸಿಕ್ಕಿದವರೆಲ್ಲ ಹೇಳಿದ್ದು ಇದೊಂದೇ ಮಾತು. ಅವನೂ ನಂಬಿದ. ಮುಳುಗುವ ಮನುಷ್ಯನಿಗೆ ಅಷ್ಟೊಂದು ಯೋಚನೆ ಇರುವುದಿಲ್ಲ. ನಲವತ್ತಮೂರು ಹೆಸರಾಯಿತು.

ಕೇಂದ್ರಕ್ಕೆ ವಾಪಸು ಬಂದರೆ ವರಾಂಡದಲ್ಲಿ ಕೌದಿಯ ಹೆಂಗಸರು ಹತ್ತು ಜನ ಮುಖ ಊದಿಸಿಕೊಂಡು ಕುಳಿತಿದ್ದರು. ಖಾತುನ್ ಬೀ ಸೂಜಿಗೆ ದಾರ ಪೋಣಿಸುತ್ತ ತಲೆ ಎತ್ತದೆ ಹೇಳಿದರು. "ನಂಗೇನಿಲ್ಲಪ್ಪ. ನನ್ ಹೆಸ್ರು ಮೊದಲಿಂದ ಐತೆ. ಆದ್ರೆ ಈ ಮಕ್ಕಳು ಆರು ತಿಂಗಳು ಕಣ್ಣು ಕಿತ್ಕಂಡು ಹೊಲಿದವ್ರೆ. ಪ್ರದರ್ಶನ ಇವ್ರ ಕೌದಿದು. ಕುಂತ್ಕಳ್ಳೋರು ಬತ್ತಿ ಹೊಸೆಯೋರು. ಇದು ನ್ಯಾಯನಾ? ನೀನೇ ಹೇಳು."

ಅದು ನ್ಯಾಯವಲ್ಲವೆಂದು ಚಿತ್ರಲಿಂಗಪ್ಪನಿಗೂ ಅನ್ನಿಸಿತು. ಐವತ್ತಮೂರಾಯಿತು. ಅವರು ಹೊರಡುವುದನ್ನೇ ಕಾಯುತ್ತಿದ್ದ ಚಿತ್ರಕಲೆ ತರಗತಿಯ ಮಕ್ಕಳ ತಾಯಂದಿರು ಒಂಬತ್ತು ಜನ ಒಳಗೆ ಬಂದರು. ಅವರು ಬಾಯಿ ಬಿಡುವ ಮೊದಲೇ ಚಿತ್ರಲಿಂಗಪ್ಪ ಶಾಹಿದ್‌ಗೆ ಫೋನು ಮಾಡಿ, "ಒಂಬತ್ತು ಹಾಕಪ್ಪ, ಏನಾರ ಹಾಕು," ಎಂದ. ಶಾಹಿದ್ ಅವರನ್ನೆಲ್ಲ 'ಬೆಂಕಿಪೊಟ್ಟಣ ನೀಡುವವರು' ಎಂದು ಒಂದೇ ಸಾಲಿನಲ್ಲಿ ಹಾಕಿದ. ಅರವತ್ತೆರಡು.

ಈಗ ಕುರ್ಚಿಯ ವಿಷಯ. ಕೇಂದ್ರ ಕಟ್ಟಿಸಿದ ಹಿರಿಯರು, ಕಲೆಗಳು ಅರವತ್ನಾಲ್ಕು ಎಂಬ ಲೆಕ್ಕ ಹಿಡಿದು ಅರವತ್ನಾಲ್ಕೇ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ಅದರಲ್ಲೊಂದರ ಸೀಟು ಉದ್ದಕ್ಕೆ ಸೀಳಿತ್ತು. ಕೂತವರ ಬಟ್ಟೆಯನ್ನೋ ತೊಡೆಯನ್ನೋ ಒಮ್ಮೆ ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. ಅದನ್ನು ಮೂಲೆಗೆ ಹಾಕಿದ್ದರು. ಬಾಡಿಗೆಗೆ ತರೋಣವೆಂದರೆ ಹೊಸದುರ್ಗದ ಕುರ್ಚಿಗಳೆಲ್ಲ ಕಲ್ಯಾಣ ಮಂಟಪ ಸೇರಿದ್ದವು. ಹೊಳಲ್ಕೆರೆಗೆ ಫೋನು ಮಾಡಿದರೆ, "ಇವತ್ತು ಕುರ್ಚಿ ಕೇಳ್ತೀರಲ್ಲ ಸ್ವಾಮಿ, ನಮ್ಮನೇಲಿ ನಾವೇ ಚಾಪೆ ಮೇಲೆ ಕುಂತಿದೀವಿ," ಎಂದು ನಕ್ಕರು. ಹಾಗಾಗಿ ಹಾಲ್‌ನಲ್ಲಿ ಸಾಲಾಗಿ ಜೋಡಿಸಿದ್ದ ಕುರ್ಚಿಗಳನ್ನೇ ಚಿತ್ರಲಿಂಗಪ್ಪ ಎರಡೆರಡಾಗಿ ವೇದಿಕೆಗೆ ಏರಿಸತೊಡಗಿದ. ನಾಟಕಕ್ಕೆಂದು ಕಟ್ಟಿದ ದೊಡ್ಡ ವೇದಿಕೆ, ಹೇಗೋ ಹಿಡಿಸಿದವು. ಏರಿಸುವಾಗಲೆಲ್ಲ ಕೆಳಗಿನ ಹಾಲ್ ಬರಿದಾಗುತ್ತಿರುವುದನ್ನು ಅವನು ನೋಡಿದ. ಬೇರೆ ಜನ ಬಂದರೆ ಜಮಖಾನ ಹಾಸಿದರಾಯಿತು ಎಂದುಕೊಂಡ.

ಮೂರು ಗಂಟೆಗೆ ಶಾಹಿದ್ ಫ್ಲೆಕ್ಸ್ ಹೊಡೆಯುವ ಮುಂಚೆ ಕೊನೆಯ ಸಲ ನೋಡಲು ಕರೆದ. ಕಂಪ್ಯೂಟರಿನ ತುಂಬ ಹೆಸರುಗಳು ಸಾಸಿವೆ ಚೆಲ್ಲಿದಂತೆ ಹರಡಿದ್ದವು. ಚಿತ್ರಲಿಂಗಪ್ಪ ಕಣ್ಣು ಕಿರಿದು ಮಾಡಿ ಕಟ್ಟಕಡೆಯ ಸಾಲು ಹುಡುಕಿದ. ಇತ್ತು. ಪ್ರಾರ್ಥನೆ: ಶ್ರೀ ಚಿತ್ರಲಿಂಗಪ್ಪ. ಏನೇ ಆಗಲಿ, ಕೀಲಿ ಹೋಗುವ ಮೊದಲು ಅಪ್ಪನ ಪದವೊಂದನ್ನು ಹಾಡಿಯೇ ಹೋಗುವುದು ಎಂದು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡ.

"ಏನ್ರೀ!"

ಬೆಚ್ಚಿಬಿದ್ದು ತಿರುಗಿದ. ಬಾಗಿಲಲ್ಲಿ ಮಲ್ಲಕ್ಕ. ಒಂದು ಕೈಯಲ್ಲಿ ಕಷಾಯದ ಫ್ಲಾಸ್ಕು, ಇನ್ನೊಂದರಲ್ಲಿ ಮೊಬೈಲು.

"ಹಿಂದಿನ ಬೀದಿ ರಮ್ಯಾ ಬೆಂಕಿಪೊಟ್ಟಣ ನೀಡ್ತಾಳಂತೆ. ವಾಟ್ಸಾಪಿನಾಗೆ ಹೆಸ್ರು ಬಂದೈತೆ. ಬೀದಿಗ್ ಬೀದಿನೇ ಮೇಲೆ ಕುಂತ್ಕಂತೈತೆ. ಹನ್ನೊಂದು ವರ್ಷ ಆ ಕೇಂದ್ರದ ಪರದೆ ಒಗ್ದೋಳು ಯಾರು? ಬಂದೋರಿಗೆಲ್ಲ ಟೀ ಕಾಸಿ ಕಳ್ಸಿದೋಳು ಯಾರು? ನನ್ ಹೆಸ್ರು ಎಲ್ಲೈತೆ ತೋರ್ಸ್ರಿ."

ಚಿತ್ರಲಿಂಗಪ್ಪ ಗೋಡೆಗೆ ಒರಗಿದ. ಊರಿನವರನ್ನೆಲ್ಲ ನೆನೆಸಿಕೊಂಡವನಿಗೆ ಮನೆಯವಳ ನೆನಪೇ ಆಗಿರಲಿಲ್ಲ.

"ಲೇ ಮಲ್ಲಿ, ನೀನು ಮನೆಯೋಳಲ್ವಾ..."

"ಅದಕ್ಕೇ ಮನೆಗೆ ಹೋಗ್ತೀನಿ. ನಮ್ಮಪ್ಪನ ಮನೆಗೆ. ಯಲ್ಲದಕೆರೆ ಬಸ್ಸು ನಾಕೂವರಿಗೈತೆ." ಮಲ್ಲಕ್ಕನ ಕಣ್ಣು ತುಂಬಿತ್ತು. ಸಿಟ್ಟಿನ ಕೆಳಗೆ ನಿಜವಾದ ನೋವಿತ್ತು. ಅದು ಚಿತ್ರಲಿಂಗಪ್ಪನಿಗೆ ತಟ್ಟಿತು.

ಶಾಹಿದ್ ಮೆಲ್ಲಗೆ ಕೆಮ್ಮಿದ. "ಅಣ್ಣ, ಇನ್ನೊಂದು ಸಾಲು ಹಾಕಿದ್ರೆ ಅಕ್ಷರ ಕಾಣಲ್ಲ. ಕುರ್ಚಿನೂ ಇಲ್ಲ. ಇರೋವು ಅರವತ್ಮೂರು, ಅದ್ರಾಗೆ ಒಂದು ಬರೋ ಆಫೀಸರ್‌ಗೆ. ಯಾರ್ದಾದ್ರೂ ಒಂದು ಹೆಸ್ರು ತೆಗಿಬೇಕು."

ಯಾರದ್ದು? ಪುಟ್ಟಕ್ಕನ ಮಂಡಳಿಯಲ್ಲಿ ಒಂದು ತೆಗೆದರೆ ಹದಿನಾಲ್ಕೂ ಹೋಗುತ್ತವೆ. ರಂಗೇಶನ ಹುಡುಗರಲ್ಲಿ ಒಂದು ತೆಗೆದರೆ ಕೇಂದ್ರದ ನಲ್ಲಿ ನೀರು ಹೋಗುತ್ತದೆ. ಖಾತುನ್ ಬೀ ಕಡೆಯವರನ್ನು ತೆಗೆಯಲು ಮನಸ್ಸು ಬಾರದು. ಮೇಲಿನಿಂದ ಕೆಳಗೆ ಅರವತ್ತೆರಡು ಹೆಸರಿನ ಮೇಲೆ ಚಿತ್ರಲಿಂಗಪ್ಪನ ಬೆರಳು ಇಳಿಯುತ್ತ ಇಳಿಯುತ್ತ ಬಂದು ಕೊನೆಯ ಸಾಲಿನಲ್ಲಿ ನಿಂತಿತು. ತೆಗೆದರೆ ಯಾರೂ ಕೇಳದ ಹೆಸರು ಅದೊಂದೇ.

"ಪ್ರಾರ್ಥನೆ, ಶ್ರೀಮತಿ ಮಲ್ಲಕ್ಕ ಅಂತ ಮಾಡಪ್ಪ," ಎಂದ.

ಮಲ್ಲಕ್ಕನ ಮುಖ ಸಡಿಲಾಯಿತು. "ಅದು ನಿಮ್ದಲ್ಲೇನ್ರಿ? ಹದಿನೈದು ದಿನದಿಂದ..."

"ನಂದೇನೈತೆ ಬಿಡು. ಮುಂದಿನ್ ಸಲ ಹಾಡ್ತೀನಿ. ನಿಂಗೆ ಪದ ಬರುತ್ತಾ?"

"ಬಚ್ಚಲಾಗೆ ನೀವು ಕೂಗಿ ಕೂಗಿ ನಂಗೂ ಬಾಯಿಪಾಠ ಆಗೈತೆ," ಎಂದು ಮಲ್ಲಕ್ಕ, ಅವನಿಗೆಂದು ತಂದಿದ್ದ ಕಷಾಯವನ್ನು ತಾನೇ ಬಗ್ಗಿಸಿ ಕುಡಿದಳು.

ನಾಲ್ಕಕ್ಕೆ ಐದು ನಿಮಿಷವಿರುವಾಗ ವೇದಿಕೆ ತುಂಬಿತು. ಹೆಸರು ಹಾಕಿದರೆ ಬರುತ್ತಾರೆ ಎಂದ ಗುಡ್ಡಪ್ಪ ಮೇಷ್ಟ್ರ ಮಾತು ಅಕ್ಷರಶಃ ನಿಜವಾಯಿತು. ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ರೇಷ್ಮೆ ಸೀರೆ, ಗರಿಗರಿ ಅಂಗಿ, ಎದೆಗೆ ಬಿಲ್ಲೆ. ಮಕ್ಕಳು ತಾವು ಬರೆದ ಚಿತ್ರಗಳನ್ನು ಹಿಡಿದು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತರು. ಕೌದಿಗಳನ್ನು ಹಿಂದಿನ ಗೋಡೆಗೆ ತೂಗುಹಾಕಿದ್ದರು. ಅವುಗಳ ಮೇಲೆ ಫ್ಲೆಕ್ಸ್ ಬಂದದ್ದರಿಂದ ಒಂದೂ ಕಾಣುತ್ತಿರಲಿಲ್ಲ.

ಐದು ತಲೆಯ ಲೆಕ್ಕ ಮಾತ್ರ ಕೈಕೊಟ್ಟಿತು. ಪುಟ್ಟಕ್ಕ ಕರೆತರಬೇಕಾಗಿದ್ದ ಐದು ಜನ ಅವಳ ಪಕ್ಕದಲ್ಲೇ ಕುಳಿತಿದ್ದರು. ರಂಗೇಶನ ಐದು ಜನ ಅವನ ಹಿಂದೆ ಕುಳಿತಿದ್ದರು. ಉಳಿದ ಊರು ಲಗ್ನದ ಊಟದಲ್ಲಿತ್ತು. ಬಾಗಿಲ ಬಳಿ ನಿಂತು ಚಿತ್ರಲಿಂಗಪ್ಪ ಹಾಲ್ ನೋಡಿದ. ಹಾಸಿದ ಜಮಖಾನ, ತಿರುಗುವ ಆರು ಫ್ಯಾನು, ಮೂಲೆಯಲ್ಲಿ ಸೀಳು ಕುರ್ಚಿ. ಅಷ್ಟೆ. ಮತ್ತೋಡಿನ ಬಸ್ಸಿಗೆ ಕಾಯುವವರೂ ಆ ದಿನ ಬಂದಿರಲಿಲ್ಲ.

"ಮೇಷ್ಟ್ರೇ," ಎಂದು ವೇದಿಕೆಯ ಕೆಳಗಿನಿಂದ ಪಿಸುಗುಟ್ಟಿದ, "ಕೆಳಗೆ ಒಬ್ರೂ ಇಲ್ಲ!"

ಮೇಷ್ಟ್ರು ಕನ್ನಡಕ ಏರಿಸಿ ಹಾಲ್ ನೋಡಿದರು. ಹಾರ್ಮೋನಿಯಂ ಅವರ ತೊಡೆಯ ಮೇಲೆ ಅಪಸ್ವರ ಬಿಟ್ಟಿತು. "ಯಾರಾದ್ರೂ ಇಪ್ಪತ್ತು ಜನ ಕೆಳಗೆ ಇಳೀರಪ್ಪ," ಎಂದು ಹಿಂದಕ್ಕೆ ತಿರುಗಿ ಹೇಳಿದರು.

ಯಾರೂ ಅಲುಗಲಿಲ್ಲ. "ಆಮಂತ್ರಣದಾಗೆ ಹೆಸ್ರೈತೆ, ಇಳಿಯೋದು ಹೆಂಗೆ?" ಎಂದಳು ಪುಟ್ಟಕ್ಕ. "ಅಧ್ಯಕ್ಷರು ಇಳಿದ್ರೆ ಸಭೆಗೇ ಅವಮಾನ," ಎಂದ ರಂಗೇಶ್. "ನೀವೇ ಇಳೀರಿ ಮೇಷ್ಟ್ರೇ," ಎಂದು ಯಾರೋ ಹಿಂದಿನಿಂದ ಹೇಳಿದರು. ಮೇಷ್ಟ್ರು ತೊಡೆಯ ಮೇಲಿನ ಹಾರ್ಮೋನಿಯಂ ತೋರಿಸಿದರು.

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಚಿತ್ರಲಿಂಗಪ್ಪ ಓಡಿಹೋಗಿ ಮೂಲೆಯ ಸೀಳು ಕುರ್ಚಿ ಎಳೆದು ಹಾಲ್ ನಡುವೆ ಹಾಕಿ ಕುಳಿತುಬಿಟ್ಟ. ಶೂನ್ಯಕ್ಕಿಂತ ಒಂದು ದೊಡ್ಡದು ಎಂಬುದಷ್ಟೇ ಆಗ ಅವನಿಗೆ ಹೊಳೆದದ್ದು.

ಪರಿಶೀಲನಾಧಿಕಾರಿ ಮೇಘಶ್ರೀ ಮೂವತ್ತರ ಆಸುಪಾಸಿನ ಚುರುಕು ಹೆಣ್ಣುಮಗಳು. ಕೈಯಲ್ಲಿ ಫೈಲು ಹಿಡಿದು ಬಾಗಿಲೊಳಗೆ ಒಂದು ಹೆಜ್ಜೆ ಇಟ್ಟವರು ಅಲ್ಲೇ ನಿಂತರು. ವೇದಿಕೆ ನೋಡಿದರು. ಹಾಲ್ ನೋಡಿದರು. ತಪ್ಪು ಬಾಗಿಲಿನಿಂದ ಬಂದೆನೇನೋ ಎಂಬಂತೆ ಹಿಂದಕ್ಕೆ ತಿರುಗಿ ನೋಡಿದರು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಅಯ್ಯೋ, ಕೆಳಗ್ ಯಾಕ್ ನಿಂತ್ರಿ ಮೇಡಂ, ಬರ್ರಿ ಬರ್ರಿ!" ಎಂದು ಪುಟ್ಟಕ್ಕ ಇಳಿದು ಬಂದು ಅವರ ಕೈಹಿಡಿದು ಎಳೆದುಕೊಂಡೇ ಹೋದಳು. ಬೇಡವೆನ್ನುವಷ್ಟರಲ್ಲಿ ಅವರ ಕೊರಳಿಗೆ ಹಾರ ಬಿದ್ದಿತ್ತು, ಅರವತ್ಮೂರನೆಯ ಕುರ್ಚಿಯಲ್ಲಿ ಕೂರಿಸಿದ್ದೂ ಆಗಿತ್ತು. ಹೀಗೆ ಪ್ರೇಕ್ಷಕರನ್ನು ಎಣಿಸಲು ಬಂದವರೂ ಮೇಲಕ್ಕೇ ಸೇರಿದರು.

ಮಲ್ಲಕ್ಕ ಮೈಕಿನ ಮುಂದೆ ಬಂದಳು. ಸೆರಗು ಹೊದ್ದು, ಕಣ್ಣು ಮುಚ್ಚಿ, ಮಾವನ ಪದ ಎತ್ತಿಕೊಂಡಳು. ಚಿತ್ರಲಿಂಗಪ್ಪ ದಂಗಾದ. ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅವಳಿಗೆ ಇಂಥ ಕಂಠವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬಚ್ಚಲಲ್ಲಿ ಅವನು ಎಡವುತ್ತಿದ್ದ ಕಡೆಯಲ್ಲೆಲ್ಲ ಅವಳು ನೀರಿನಂತೆ ಹರಿದುಹೋದಳು. ಅಪ್ಪನ ಏಕತಾರಿ ಕಿವಿಯಲ್ಲಿ ಮಿಡಿದಂತಾಯಿತು. ಸಂತೋಷವೂ ಹೊಟ್ಟೆಯುರಿಯೂ ಒಟ್ಟೊಟ್ಟಿಗೆ ಬಂದು ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಪಂಚೆಯ ತುದಿ ಎಳೆದ. ಬರಲಿಲ್ಲ. ಕುರ್ಚಿ ಅದನ್ನು ಕಚ್ಚಿಕೊಂಡಿತ್ತು. ಜೋರಾಗಿ ಎಳೆದ. ಕುರ್ಚಿ ಪಂಚೆಯ ಜೊತೆಗೆ ತೊಡೆಯನ್ನೂ ಹಿಡಿಯಿತು. ಈಗ ಕಣ್ಣೀರು ಧಾರಾಕಾರವಾಯಿತು.

ಆಮೇಲೆ ಭಾಷಣಗಳ ಸರದಿ. ರಂಗೇಶ್ ಮೊದಲು ಎದ್ದ. ವೇದಿಕೆಯ ಮೇಲಿದ್ದವರನ್ನು ಒಬ್ಬೊಬ್ಬರಾಗಿ ಹೆಸರು ಹೇಳಿ ನಮಸ್ಕರಿಸಿದ. ಅದಕ್ಕೆ ಹದಿನೈದು ನಿಮಿಷ ಹಿಡಿಯಿತು. ಕೊನೆಗೆ ರೂಢಿಯಂತೆ, "ಹಾಗೂ ಮುಂದೆ ನೆರೆದಿರುವ ಸಮಸ್ತ ಕಲಾಭಿಮಾನಿ..." ಎಂದು ಕೈ ಚಾಚಿ, ಹಾಲ್ ನೋಡಿ, ಒಂದು ಗುಟುಕು ಉಗುಳು ನುಂಗಿ, "ಚಿತ್ರಲಿಂಗಪ್ಪನವರೇ," ಎಂದು ಮುಗಿಸಿದ. ಮುಂದೆ ಹೇಳಲು ಏನೂ ಉಳಿದಿರಲಿಲ್ಲವಾದ್ದರಿಂದ ಕುಳಿತ. ಆಮೇಲೆ ಎದ್ದವರೆಲ್ಲ ಹಾಗೆಯೇ ಮಾಡಿದರು. ಐದಾರು ಜನ ಮಾತಾಡುವಷ್ಟರಲ್ಲಿ ಹೆಸರು ಹೇಳುವುದನ್ನು ಬಿಟ್ಟು "ಎಲ್ಲರಿಗೂ ಮತ್ತು ಚಿತ್ರಲಿಂಗಪ್ಪನವರಿಗೂ" ಎಂಬಲ್ಲಿಗೆ ಇಳಿದಿದ್ದರು. ಮೈಕು ಹಿಡಿಯದವರು ಯಾರೂ ಉಳಿಯಲಿಲ್ಲ. ಬೆಂಕಿಪೊಟ್ಟಣ ನೀಡಿದ ರಮ್ಯಾ ಕೂಡ ಬೆಂಕಿಯ ಬಗ್ಗೆ ಎರಡು ಮಾತಾಡಿದಳು.

ಚಿತ್ರಲಿಂಗಪ್ಪ ಕದಲಲಿಲ್ಲ. ಕದಲಿದರೆ ತೊಡೆ. ನೀರು ಬೇಕೆನ್ನಿಸಿತು, ಏಳುವಂತಿರಲಿಲ್ಲ. ಇನ್ನೊಂದು ಅವಸರವೂ ಆಯಿತು, ಅದಕ್ಕೂ ಏಳುವಂತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ, ಹಲ್ಲು ಕಚ್ಚಿ ವೇದಿಕೆಯನ್ನೇ ನೋಡುತ್ತ ಮೂರು ಗಂಟೆ ಕುಳಿತ. ಮೇಘಶ್ರೀ ಮೇಲಿನಿಂದ ಅವನನ್ನೇ ನೋಡುತ್ತ ನಡುನಡುವೆ ಫೈಲಿನಲ್ಲಿ ಏನೋ ಬರೆಯುತ್ತಿದ್ದರು. ಅವರು ಬರೆದಾಗಲೆಲ್ಲ ಅವನ ಕೈ ಸೊಂಟದ ಕೀಲಿ ಮುಟ್ಟಿಕೊಳ್ಳುತ್ತಿತ್ತು.

ಏಳು ಗಂಟೆಗೆ ಮೇಘಶ್ರೀ ಎದ್ದು ನಿಂತರು.

"ನಿಯಮದ ಪ್ರಕಾರ ಅರವತ್ತು ಪ್ರೇಕ್ಷಕರು ಬೇಕು. ನಾನು ಎಣಿಸಿದ್ದೀನಿ. ಒಬ್ಬರಿದ್ದಾರೆ." ಅರವತ್ತೆರಡು ಎದೆಗಳು ಒಟ್ಟಿಗೆ ಧಸಕ್ಕೆಂದವು. ಖಾತುನ್ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಕೀಲಿ ಈಗಲೇ ತಗೋಬೇಕು ಅಂತಾನೇ ಬಂದಿದ್ದೆ. ಆದರೆ ನಾನು ಜಿಲ್ಲೆಯಲ್ಲಿ ಎಷ್ಟೋ ಕಾರ್ಯಕ್ರಮ ನೋಡಿದೀನಿ. ಆರುನೂರು ಜನ ಇರ್ತಾರೆ, ಆರುನೂರೂ ಜನ ಮೊಬೈಲು ನೋಡ್ತಾ ಇರ್ತಾರೆ. ಇವರನ್ನು ನೋಡಿ. ಪ್ರಾರ್ಥನೆಗೆ ಕಣ್ಣೀರಿಟ್ಟರು. ಮೂರು ಗಂಟೆ ಆ ಕಡೆ ಈ ಕಡೆ ತಿರುಗಲಿಲ್ಲ. ನೀರಿಗೂ ಏಳಲಿಲ್ಲ. ಇಂಥ ರಸಿಕರನ್ನು ನಾನು ನೋಡೇ ಇಲ್ಲ."

ಚಿತ್ರಲಿಂಗಪ್ಪನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

"ಅದಕ್ಕೇ ವರದಿಯಲ್ಲಿ ಬರೀತೀನಿ. ಈ ಕೇಂದ್ರ ಮುಂದುವರಿಯಲಿ. ಒಂದೇ ಷರತ್ತು. ಇನ್ನು ಮುಂದೆ ಪ್ರತಿ ಕಾರ್ಯಕ್ರಮಕ್ಕೂ ಈ ಪ್ರೇಕ್ಷಕರು ಹೀಗೇ ಕೆಳಗೆ ಕುಳಿತಿರಬೇಕು, ಫೋಟೊದಲ್ಲಿ ಕಾಣಬೇಕು. ಒಂದು ಸಲ ತಪ್ಪಿಸಿದರೂ ಕೀಲಿ ತಗೋತೀನಿ. ಇವರು ವೇದಿಕೆ ಹತ್ತಿದರೂ ಅಷ್ಟೆ. ಇವರೂ ಮೇಲೆ ಬಂದರೆ ಕೆಳಗೆ ಯಾರೂ ಉಳಿಯಲ್ಲವಲ್ಲ."

ವೇದಿಕೆ ಚಪ್ಪಾಳೆಯಿಂದ ನಡುಗಿತು. ಗುಡ್ಡಪ್ಪ ಮೇಷ್ಟ್ರು, ಇದೆಲ್ಲ ತಮ್ಮದೇ ಉಪಾಯವೆಂಬಂತೆ ಸುತ್ತ ನೋಡಿ ತಲೆದೂಗಿದರು. ಮುಂದಿನ ವಾರದಿಂದ ಪ್ರತಿ ಶನಿವಾರ ಕಾರ್ಯಕ್ರಮ ಇಡೋಣ ಎಂದು ರಂಗೇಶ್ ಅಲ್ಲೇ ಘೋಷಿಸಿದ. ಪ್ರಾರ್ಥನೆ ಇನ್ನು ಖಾಯಂ ಮಲ್ಲಕ್ಕನದೇ ಎಂದಳು ಪುಟ್ಟಕ್ಕ. ಮಲ್ಲಕ್ಕ ನಾಚಿ ನಕ್ಕಳು.

ಕೇಂದ್ರ ಉಳಿಯಿತು. ಚಿತ್ರಲಿಂಗಪ್ಪನ ಕೈ ಕೀಲಿಯ ಮೇಲೇ ಇತ್ತು. ಆದರೆ ಮುಂದಿನ ಸಲ ಹಾಡುತ್ತೇನೆ ಎಂದುಕೊಂಡಿದ್ದನಲ್ಲ, ಆ ಮುಂದಿನ ಸಲ ಇನ್ನು ಯಾವತ್ತೂ ಬರುವುದಿಲ್ಲವೆಂದು ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ, ತಡೆಯಲಾರದೆ ಎದ್ದು ನಿಂತ. ಕುರ್ಚಿಯೂ ಅವನ ಹಿಂಬದಿಗೆ ಕಚ್ಚಿಕೊಂಡೇ ಎದ್ದಿತು.

"ಮೇಡಂ, ಒಂದೇ ಒಂದು ನಿಮಿಷ. ನಮ್ಮಪ್ಪಂದು ಒಂದು ಪದ, ನಾನೂ..."

ಮೇಘಶ್ರೀ ಹುಬ್ಬೇರಿಸಿ, ಮುಚ್ಚಿದ್ದ ಪೆನ್ನಿನ ಕ್ಯಾಪು ಮತ್ತೆ ತೆಗೆದರು.

ವೇದಿಕೆ ಬೆಚ್ಚಿಬಿದ್ದಿತು. ಭಜನಾ ಮಂಡಳಿ, ರಂಗೇಶನ ಹುಡುಗರು, ಕೌದಿಯವರು, ಬೆಂಕಿಪೊಟ್ಟಣದವರು, ಅರವತ್ತೆರಡು ಕಂಠಗಳು ಆ ದಿನ ಮೊದಲ ಸಲ ಒಂದೇ ಶ್ರುತಿಯಲ್ಲಿ ಕೂಗಿದವು. ಎಲ್ಲಕ್ಕಿಂತ ಮೇಲೆ ಕೇಳಿಸಿದ್ದು ಮಲ್ಲಕ್ಕನ ದನಿ.

"ಕುಂತ್ಕಳ್ರೀ!"

ಚಿತ್ರಲಿಂಗಪ್ಪ ಕುಳಿತ. ಕುರ್ಚಿ ಇನ್ನೊಮ್ಮೆ ಕಚ್ಚಿತು.